ಜಪಾನಿನ ನಟ ದ್ರೋಣನಾದ ಬಗೆ: ಯೋಶಿ ಓಯ್ಡಾ ಅವರ ಎರಡು ಪುಸ್ತಕಗಳು

1985ರ ಜುಲೈಯಲ್ಲಿ ಫ್ರಾನ್ಸಿನ ಅವಿನ್ಯೋನ್ ರಂಗೋತ್ಸವದ ಭಾಗವಾಗಿ, ಊರಾಚೆಯ ಬುಲ್ಬೋನ್ ಎಂಬಲ್ಲಿನ ಕಲ್ಲುಗಣಿಯಲ್ಲಿ, ಇಂಗ್ಲೆಂಡಿನ ಪೀಟರ್ ಬ್ರೂಕ್ ನಿರ್ದೇಶನದ ಸುಮಾರು ಒಂಬತ್ತು ಗಂಟೆಗಳ ಮಹಾಭಾರತ ಮೊದಲ ಬಾರಿಗೆ ರಂಗವೇರಿತು. ಅದರಲ್ಲಿ ಪಶ್ಚಿಮ ಆಫ್ರಿಕದ ಕಥೆಗಾರ ಮನೆತನದಿಂದ ಬಂದ ಸೋತಿಗಿ ಕುಯಾತೆ ಭೀಷ್ಮನಾಗಿದ್ದರು, ಅಹಮದಾಬಾದಿನ ಮಲ್ಲಿಕಾ ಸಾರಾಭಾಯಿ ದ್ರೌಪದಿಯಾಗಿದ್ದರು, ಜಪಾನಿನ ಯೋಶಿ ಓಯ್ಡಾ ದ್ರೋಣನಾಗಿದ್ದರು. ಈ ಪ್ರಯೋಗದ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ನಿರ್ದೇಶಕನ ದೃಷ್ಟಿಯಿಂದಲೋ ವಿಮರ್ಶಕರ ದೃಷ್ಟಿಯಿಂದಲೋ ಬಂದವು. ಒಳಗೆ ನಿಂತು, ದಿನವೂ ಬೆವರು ಸುರಿಸಿ, ತನ್ನದಲ್ಲದ ಭಾಷೆಯಲ್ಲಿ ತನ್ನದಲ್ಲದ ಕಥೆಯನ್ನು ಹೇಳಿದ ನಟನ ಕಡೆಯಿಂದ ಈ ಇಡೀ ಸಾಹಸ ಹೇಗೆ ಕಾಣುತ್ತದೆ ಎಂದು ತಿಳಿಯಬೇಕಾದರೆ ಓಯ್ಡಾ ಅವರು ಲೋರ್ನಾ ಮಾರ್ಷಲ್ ಅವರೊಂದಿಗೆ ಸೇರಿ ಇಂಗ್ಲಿಷಿನಲ್ಲಿ ಬರೆದ ಎರಡು ಪುಸ್ತಕಗಳನ್ನು ಓದಬೇಕು. ಒಂದು 1992ರಲ್ಲಿ ಬಂದ ‘ಆ್ಯನ್ ಆ್ಯಕ್ಟರ್ ಅಡ್ರಿಫ್ಟ್’, ಇನ್ನೊಂದು 1997ರ ‘ದಿ ಇನ್‌ವಿಸಿಬಲ್ ಆ್ಯಕ್ಟರ್’. ಮೊದಲನೆಯದು ನಡೆದ ದಾರಿಯ ಕಥನ. ಎರಡನೆಯದು ಆ ದಾರಿಯಲ್ಲಿ ಉಳಿಸಿಕೊಂಡದ್ದರ ಲೆಕ್ಕ.

ಓಯ್ಡಾ ಹುಟ್ಟಿದ್ದು 1933ರಲ್ಲಿ, ಕೋಬೆ ನಗರದಲ್ಲಿ. ಟೋಕಿಯೊದ ಕೇಯೋ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದರು, ಜೊತೆಗೆ ‘ನೋ’ ಎಂಬ ಜಪಾನಿನ ಶಾಸ್ತ್ರೀಯ ರಂಗಭೂಮಿಯ ಒಡನಾಡಿಯಾದ ಕ್ಯೋಗೆನ್ ಎಂಬ ಹಾಸ್ಯ ಪ್ರಕಾರವನ್ನು ಓಕುರಾ ಸಂಪ್ರದಾಯದಲ್ಲಿ ಕಲಿತರು, ಬೊಂಬೆಯಾಟಕ್ಕೆ ಕಥೆ ಹಾಡುವ ಗಿದಾಯು ಶೈಲಿಯ ಅಭ್ಯಾಸ ಮಾಡಿದರು, ಆಧುನಿಕ ನಾಟಕಗಳಲ್ಲೂ ಅಭಿನಯಿಸಿದರು. 1968ರಲ್ಲಿ ಫ್ರಾನ್ಸಿನ ಹಿರಿಯ ರಂಗಕರ್ಮಿ ಜಾನ್ ಲೂಯಿ ಬಾರೋ ಅವರ ಆಹ್ವಾನದ ಮೇರೆಗೆ ಬ್ರೂಕ್ ನಡೆಸುತ್ತಿದ್ದ ಅಂತರರಾಷ್ಟ್ರೀಯ ಕಮ್ಮಟಕ್ಕೆಂದು ಪ್ಯಾರಿಸ್ಸಿಗೆ ಹೋದರು. ಆ ವರ್ಷದ ಮೇ ತಿಂಗಳಲ್ಲಿ ಪ್ಯಾರಿಸ್ ವಿದ್ಯಾರ್ಥಿಗಳ ಮತ್ತು ಕಾರ್ಮಿಕರ ಬಂಡಾಯದಲ್ಲಿ ಸಿಲುಕಿದ್ದರಿಂದ ಕಮ್ಮಟ ಅಲ್ಲಿ ಮುಂದುವರಿಯಲಾರದೆ ಲಂಡನ್ನಿನ ರೌಂಡ್ ಹೌಸ್‌ಗೆ ಸ್ಥಳಾಂತರಗೊಂಡಿತು. ಅಲ್ಲಿ ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ಆಧರಿಸಿದ ಪ್ರಯೋಗದಲ್ಲಿ ಓಯ್ಡಾ ಏರಿಯಲ್ ಎಂಬ ಗಾಳಿಚೇತನದ ಪಾತ್ರವನ್ನು ನೋ ಶೈಲಿಯ ಧ್ವನಿ ಮತ್ತು ಚಲನೆಗಳಿಂದ ಕಟ್ಟಿದರು. 1970ರಲ್ಲಿ ಬ್ರೂಕ್ ಪ್ಯಾರಿಸ್ಸಿನಲ್ಲಿ ರಂಗ ಸಂಶೋಧನೆಯ ಅಂತರರಾಷ್ಟ್ರೀಯ ಕೇಂದ್ರವನ್ನು ಆರಂಭಿಸಿದಾಗ ಅದರ ಮೊದಲ ನಟರಲ್ಲಿ ಒಬ್ಬರಾಗಿ ಮರಳಿ ಹೋದವರು ಮುಂದೆ ಅದೇ ನಗರದಲ್ಲಿ ನೆಲೆನಿಂತರು.

ಮೊದಲ ಪುಸ್ತಕ ಸಾಗುವುದು ಈ ಹಾದಿಯಲ್ಲಿ. ಇದನ್ನು ಆತ್ಮಕಥೆ ಎಂದು ಭಾವಿಸಿ ಕೈಗೆತ್ತಿಕೊಂಡವರಿಗೆ ನಿರಾಶೆಯಾದೀತು, ಏಕೆಂದರೆ ಓಯ್ಡಾ ತಮ್ಮ ಮನೆ, ಸಂಬಂಧ, ಹಣಕಾಸುಗಳ ವಿಷಯದಲ್ಲಿ ಬಹಳ ಮಿತಭಾಷಿ. ಅವರ ಕುತೂಹಲವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಕೇಳುವವನಿಗೆ ನನ್ನ ಭಾಷೆ ಗೊತ್ತಿಲ್ಲ, ನನ್ನ ಊರು ಗೊತ್ತಿಲ್ಲ, ನನ್ನ ಮುಖದ ಹಾವಭಾವಗಳ ಅರ್ಥವೂ ಗೊತ್ತಿಲ್ಲ, ಹಾಗಿರುವಾಗ ನಾನು ಅವನಿಗೆ ಕಥೆ ಹೇಳುವುದು ಏನನ್ನು ಆಧರಿಸಿ? ಈ ಪ್ರಶ್ನೆಗೆ ಗುಂಪು ಹುಡುಕಿದ ಉತ್ತರಗಳು ಒಂದಕ್ಕಿಂತ ಒಂದು ವಿಲಕ್ಷಣವಾಗಿವೆ. 1971ರಲ್ಲಿ ಇರಾನಿನ ಶಿರಾಜ್ ಉತ್ಸವಕ್ಕಾಗಿ ಪರ್ಸೆಪೊಲಿಸ್‌ನ ಪುರಾತನ ಅವಶೇಷಗಳ ನಡುವೆ ಅವರು ಆಡಿದ ‘ಓರ್ಗಾಸ್ಟ್’ ನಾಟಕಕ್ಕೆ ಇಂಗ್ಲಿಷ್ ಕವಿ ಟೆಡ್ ಹ್ಯೂಸ್ ಹೊಸದೊಂದು ಭಾಷೆಯನ್ನೇ ಸೃಷ್ಟಿಸಿದ್ದರು, ಅದರೊಂದಿಗೆ ಪ್ರಾಚೀನ ಗ್ರೀಕ್ ಮತ್ತು ಅವೆಸ್ತಾ ಭಾಷೆಗಳೂ ಬೆರೆತಿದ್ದವು. ನೋಡುವವರಲ್ಲಿ ಯಾರಿಗೂ ಮಾತು ಅರ್ಥವಾಗದಿದ್ದರೆ ಎಲ್ಲರೂ ಸಮಾನರಾಗುತ್ತಾರೆ ಎಂಬುದು ಅಲ್ಲಿನ ತರ್ಕ. ಜಾಣತನದ ತರ್ಕವೇ ಹೌದು, ಆದರೆ ಇರಾನಿನ ಶಾಹಿ ಆಡಳಿತದ ಆಶ್ರಯದಲ್ಲಿ, ಆಹ್ವಾನಿತರ ಮುಂದೆ ನಡೆದ ಉತ್ಸವವೊಂದರಲ್ಲಿ ಸಮಾನತೆಯ ಈ ಮಾತು ಎಷ್ಟು ದೂರ ನಡೆದೀತು ಎಂಬ ಸಂದೇಹ ಓದುಗನಲ್ಲಿ ಹುಟ್ಟದೆ ಇರದು.

ಅದಕ್ಕಿಂತ ಗಟ್ಟಿಯಾದ ಅನುಭವ ದೊರೆತದ್ದು ಆಫ್ರಿಕದಲ್ಲಿ. 1972ರ ಡಿಸೆಂಬರಿನಲ್ಲಿ ಅಲ್ಜೀರಿಯದಿಂದ ಹೊರಟ ಗುಂಪು ಲ್ಯಾಂಡ್ ರೋವರ್ ಗಾಡಿಗಳಲ್ಲಿ ಸಹಾರಾ ಮರುಭೂಮಿಯನ್ನು ದಾಟಿ ನೈಜರ್, ನೈಜೀರಿಯಗಳವರೆಗೆ ಸುಮಾರು ನೂರು ದಿನಗಳ ಕಾಲ ಸುತ್ತಿತು. ಊರು ಸಿಕ್ಕಿದಲ್ಲಿ ಅಲ್ಲಿನ ಹಿರಿಯರ ಅನುಮತಿ ಪಡೆದು ಒಂದು ಜಮಖಾನೆ ಹಾಸುವುದು, ಅದರ ಮೇಲೆ ಬಂದು ನಿಲ್ಲುವುದು, ನಾಟಕದ ಹೆಸರನ್ನೇ ಕೇಳದ ಜನ ಸುತ್ತ ಕುಳಿತು ನೋಡುತ್ತಿರುವಾಗ ಏನಾದರೊಂದನ್ನು ಹುಟ್ಟಿಸುವುದು. ಇಷ್ಟೇ ಅವರ ರಂಗಮಂದಿರ. ಅಲ್ಜೀರಿಯದ ಇನ್ ಸಾಲಾ ಎಂಬ ಊರಿನಲ್ಲಿ ನಟರೊಬ್ಬರು ಜಮಖಾನೆಯ ನಡುವೆ ಒಂದು ಜೊತೆ ಬೂಟುಗಳನ್ನು ತಂದಿಟ್ಟರು. ಆ ಬೂಟು ಯಾರದು, ಅದನ್ನು ಹಾಕಿಕೊಂಡವನಿಗೆ ಏನಾಗುತ್ತದೆ ಎಂಬ ಕುತೂಹಲ ನಟರಿಗೂ ನೋಡುಗರಿಗೂ ಒಂದೇ ಕ್ಷಣದಲ್ಲಿ ಹುಟ್ಟಿತು. ನಾಟಕಕ್ಕೆ ಬೇಕಾದ ಮೊದಲ ಒಪ್ಪಂದ ಹಾಗೆ ಆಯಿತು. ಮುಂದೆ ಅಗಾಡೆಜ್ ಸೀಮೆಯಲ್ಲಿ ಪ್ಯೂಲ್ ಜನಾಂಗದವರ ಹಾಡು ಕೇಳಿದಾಗ ನಟರು ಅದನ್ನು ಅನುಕರಿಸಲು ಹೋಗದೆ, ತಾವು ಬಹುಕಾಲ ಅಭ್ಯಾಸ ಮಾಡಿದ್ದ ‘ಆ’ ಎಂಬ ಒಂದೇ ಸ್ವರವನ್ನು ಹಿಡಿದು ಹಾಡಿದರೆಂದೂ ಅದನ್ನು ಕೇಳಿದ ಮೇಲೆ ಪ್ಯೂಲ್ ಗಾಯಕರು ತಮ್ಮ ಹಾಡುಗಳನ್ನು ಅವರೊಂದಿಗೆ ಹಂಚಿಕೊಂಡರೆಂದೂ ಬ್ರೂಕ್ ಬೇರೆಡೆ ಬರೆದಿದ್ದಾರೆ.

ಈ ಪ್ರವಾಸದ ವೃತ್ತಾಂತಗಳನ್ನು ಓದುವಾಗ ಮತ್ತೆ ಮತ್ತೆ ಕಾಣುವ ಸಂಗತಿಯೆಂದರೆ ನಟರ ಸೋಲುಗಳು. ಪ್ಯಾರಿಸ್ಸಿನ ತಾಲೀಮು ಕೋಣೆಯಲ್ಲಿ ಅದ್ಭುತವೆನಿಸಿದ್ದು ಹಳ್ಳಿಯ ಅಂಗಳದಲ್ಲಿ ಬಿದ್ದುಹೋಗುತ್ತಿತ್ತು. ಚಪ್ಪಾಳೆ ತಟ್ಟುವ ರೂಢಿಯೇ ಇಲ್ಲದ ಜನ ಬೇಸರವಾದರೆ ಎದ್ದು ಹೋಗುತ್ತಿದ್ದರು. ಹೊಗಳಿಕೆಗೆ ಒಗ್ಗಿದ ನಟನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು. ಹತ್ತಾರು ವರ್ಷಗಳ ಶಾಸ್ತ್ರೀಯ ತಾಲೀಮಿನಿಂದ ಕಲಿತ ನಿಲುವು ನಡಿಗೆಗಳು ಅಪರಿಚಿತನೊಬ್ಬನಿಗೆ ಬರೀ ವಿಚಿತ್ರವಾಗಿ ಕಾಣುತ್ತಿವೆ ಎಂದು ಅರಿವಾದಾಗ ನಟನ ಮುಂದಿರುವ ದಾರಿಗಳು ಎರಡೇ: ಆ ವಿಚಿತ್ರವನ್ನೇ ಮಾರಾಟಕ್ಕಿಟ್ಟು ‘ಪೂರ್ವದೇಶದ ಕಲಾವಿದ’ ಎನಿಸಿಕೊಳ್ಳುವುದು, ಇಲ್ಲವೇ ಅದನ್ನು ಕಳಚಿಟ್ಟು ಕೆಳಗೆ ಏನಾದರೂ ಉಳಿದಿದೆಯೇ ಎಂದು ನೋಡುವುದು. ಓಯ್ಡಾ ಎರಡನೆಯದನ್ನು ಆರಿಸಿಕೊಂಡರು, ಅದರ ಬೆಲೆಯನ್ನೂ ತೆತ್ತರು. ನಡುವೆ ಜಪಾನಿಗೆ ಮರಳಿ ಅಲ್ಲಿನ ಧಾರ್ಮಿಕ ಸಾಧನೆಗಳನ್ನು ಅಭ್ಯಾಸ ಮಾಡಿದ್ದು ಈ ಗೊಂದಲದ ಫಲವೇ. ಪುಸ್ತಕದ ಅತ್ಯಂತ ಪ್ರಾಮಾಣಿಕ ಭಾಗಗಳು ನನಗೆ ಕಂಡದ್ದು ಇಲ್ಲಿ. ಮನೆ ಬಿಟ್ಟವನು ಹೊಸ ಮನೆ ಕಟ್ಟುವ ಮುನ್ನ ಅನುಭವಿಸುವ ನೆಲೆಗೇಡಿತನವನ್ನು ಅವರು ಕರುಣೆ ಬೇಡದೆ, ಹಾಸ್ಯದ ಲೇಪವನ್ನೂ ಹಚ್ಚದೆ ಹೇಳುತ್ತಾರೆ.

1975ರ ‘ಲೇ ಇಕ್’ ನಾಟಕ ಈ ಕಳಚುವಿಕೆಯ ಅತ್ಯುತ್ತಮ ನಿದರ್ಶನ. ಉಗಾಂಡದ ಇಕ್ ಎಂಬ ಜನಾಂಗ ತನ್ನ ಬೇಟೆಯ ನೆಲೆಯಿಂದ ಹೊರದೂಡಲ್ಪಟ್ಟು ಹಸಿವಿನಲ್ಲಿ ಒಡೆದುಹೋದ ಬಗೆಯನ್ನು ಮಾನವಶಾಸ್ತ್ರಜ್ಞ ಕಾಲಿನ್ ಟರ್ನ್‌ಬುಲ್ ದಾಖಲಿಸಿದ್ದರು. ಬ್ರೂಕ್ ಗುಂಪಿನ ನಟರು ಆ ಜನರ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಅದರಲ್ಲಿನ ಪ್ರತಿಯೊಂದು ಭಂಗಿಯನ್ನೂ, ಬೆರಳು ಬಾಗಿದ ರೀತಿಯವರೆಗೆ, ಯಥಾವತ್ತಾಗಿ ತಮ್ಮ ಮೈಗೆ ತಂದುಕೊಂಡರು. ರಂಗದ ಮೇಲೆ ಮಾತ್ರ ಮೈಗೆ ಬಣ್ಣ ಬಳಿಯಲಿಲ್ಲ, ಬುಡಕಟ್ಟಿನ ವೇಷ ತೊಡಲಿಲ್ಲ. ಮಾಮೂಲಿ ಬಟ್ಟೆಯಲ್ಲಿದ್ದ ಜಪಾನೀ ನಟ ಹಸಿದ ಆಫ್ರಿಕನ್ನನಾಗಿ ಕುಳಿತಾಗ ಜನ ಅದನ್ನು ನಂಬಿದರು. ಯಾಕೆ ನಂಬಿದರು ಎಂಬುದನ್ನು ಬಿಡಿಸಿ ಹೇಳಲು ಹೊರಟದ್ದೇ ಎರಡನೆಯ ಪುಸ್ತಕ.

‘ದಿ ಇನ್‌ವಿಸಿಬಲ್ ಆ್ಯಕ್ಟರ್’ ತೆಳ್ಳಗಿನ ಪುಸ್ತಕ, ಆದರೆ ಬೇಗ ಓದಿ ಮುಗಿಸುವಂಥದ್ದಲ್ಲ. ಅದರ ಮೊದಲ ಪುಟಗಳಲ್ಲೇ ಬರುವ, ಕಬುಕಿ ಎಂಬ ಜಪಾನಿನ ಸಾಂಪ್ರದಾಯಿಕ ರಂಗಪ್ರಕಾರದ ನಟರ ಪ್ರಸಂಗ ಈಗ ರಂಗಶಾಲೆಗಳಲ್ಲಿ ಬಹಳ ಪ್ರಸಿದ್ಧ. ಕಬುಕಿಯಲ್ಲಿ ಚಂದ್ರನನ್ನು ತೋರಿಸಲು ಆಕಾಶದತ್ತ ಬೆರಳೆತ್ತುವ ಒಂದು ಮುದ್ರೆಯಿದೆ. ಒಬ್ಬ ನಟ ಅದನ್ನು ಮಾಡಿದಾಗ ಜನ ಆತನ ಚಲನೆಯ ಸೊಬಗಿಗೆ ತಲೆದೂಗಿದರು. ಇನ್ನೊಬ್ಬ ಅದನ್ನೇ ಮಾಡಿದಾಗ ಅವನು ಹೇಗೆ ಮಾಡಿದ ಎಂಬುದನ್ನು ಯಾರೂ ಗಮನಿಸಲಿಲ್ಲ, ಅವರಿಗೆ ಚಂದ್ರ ಕಂಡ. ತನಗೆ ಇಷ್ಟ ಈ ಎರಡನೆಯ ನಟ ಎನ್ನುತ್ತಾರೆ ಓಯ್ಡಾ. ಪುಸ್ತಕದ ಉಳಿದ ಭಾಗವೆಲ್ಲ ಹಾಗೆ ಮರೆಯಾಗಬಲ್ಲ ನಟನನ್ನು ತಯಾರು ಮಾಡುವ ಬಗೆಗೇ ಮೀಸಲು. ಆ ತಯಾರಿ ತೊಡಗುವುದು ನೆಲ ಒರೆಸುವುದರಿಂದ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಮೇಲೆ ಎರಡೂ ಅಂಗೈ ಊರಿ, ಸೊಂಟ ಮೇಲೆತ್ತಿ, ತಾಲೀಮು ಕೋಣೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಾ ಒರೆಸಬೇಕು. ಸೋಪು, ಪುಡಿಗಳ ಬಳಕೆ ಇಲ್ಲ. ಇದು ಶಿಸ್ತಿನ ಹೆಸರಿನಲ್ಲಿ ಕೊಡುವ ಶಿಕ್ಷೆಯಲ್ಲ; ಬೆನ್ನುಹುರಿ, ಸೊಂಟ, ಕಾಲುಗಳ ಬಲ ಮತ್ತು ಮನಸ್ಸಿನ ಏಕಾಗ್ರತೆ ಒಟ್ಟಿಗೆ ಹದಗೊಳ್ಳಲು ಇದಕ್ಕಿಂತ ಸರಳವಾದ ಅಭ್ಯಾಸವಿಲ್ಲ ಎಂಬುದನ್ನು ಅವರು ಕಾರಣಸಹಿತ ವಿವರಿಸುತ್ತಾರೆ. ನೆಲದ ನಂತರ ದೇಹ: ಕಣ್ಣು, ಕಿವಿ, ಮೂಗು, ಬಾಯಿಗಳಿಂದ ಹಿಡಿದು ಗುದದವರೆಗಿನ ಒಂಬತ್ತು ದ್ವಾರಗಳನ್ನು ಒಂದೊಂದಾಗಿ ಶುಚಿಗೊಳಿಸುವ, ಎಚ್ಚರಗೊಳಿಸುವ ಕ್ರಮ. ದೇಹವನ್ನು ‘ಒಂಬತ್ತು ಬಾಗಿಲ ಮನೆ’ ಎಂದು ಹಾಡಿದ ತತ್ವಪದಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ಅಧ್ಯಾಯ ಅಪರಿಚಿತವೆನಿಸದು, ಆದರೆ ನಮ್ಮಲ್ಲಿ ವೈರಾಗ್ಯದ ದೃಷ್ಟಾಂತವಾದದ್ದು ಇಲ್ಲಿ ಅಭಿನಯದ ಉಪಕರಣವಾಗಿದೆ.

ನಾನು ಹೆಚ್ಚು ಹೊತ್ತು ನಿಂತದ್ದು ಜೋ-ಹಾ-ಕ್ಯು ಎಂಬ ಲಯತತ್ತ್ವದ ಚರ್ಚೆಯಲ್ಲಿ. ನೋ ರಂಗಭೂಮಿಯ ಆಚಾರ್ಯ ಝೆಯಾಮಿ ಹದಿನೈದನೆಯ ಶತಮಾನದ ಸುಮಾರಿಗೆ ವಿವರಿಸಿದ ಈ ತತ್ತ್ವದ ಪ್ರಕಾರ ಪ್ರತಿಯೊಂದು ಕ್ರಿಯೆಯೂ ನಿಧಾನವಾಗಿ ಆರಂಭವಾಗಿ, ಬೆಳೆದು ಕವಲೊಡೆದು, ಕೊನೆಗೆ ವೇಗವಾಗಿ ಶಿಖರ ಮುಟ್ಟುತ್ತದೆ. ಇಡೀ ನಾಟಕಕ್ಕೆ ಅನ್ವಯಿಸುವ ಈ ಏರಿಕೆ ಒಂದು ದೃಶ್ಯಕ್ಕೂ, ಒಂದು ಮಾತಿಗೂ, ಕೈ ಎತ್ತುವ ಒಂದು ಚಲನೆಗೂ ಅನ್ವಯಿಸುತ್ತದೆ. ಜಪಾನೀ ಸೌಂದರ್ಯಶಾಸ್ತ್ರದ ಪಾರಿಭಾಷಿಕವಾಗಿ ಮಾತ್ರ ಇದನ್ನು ಹೇಳಿದ್ದರೆ ಪಂಡಿತರ ಸೊತ್ತಾಗಿ ಉಳಿಯುತ್ತಿತ್ತು. ಓಯ್ಡಾ ಇದನ್ನು ಪ್ರೇಕ್ಷಕನ ಉಸಿರಿಗೆ ಜೋಡಿಸುತ್ತಾರೆ: ನೋಡುವವನ ಮೈಯಲ್ಲೂ ಇದೇ ಲಯ ಇರುವುದರಿಂದ ಭಾಷೆ ತಿಳಿಯದವನೂ ಕಥೆಯ ನಡೆಯನ್ನು ಹಿಂಬಾಲಿಸಬಲ್ಲ ಎಂಬುದು ಅವರ ವಾದದ ತಿರುಳು. ತಾಳಮದ್ದಳೆಯಲ್ಲಿ ನುರಿತ ಅರ್ಥಧಾರಿ ನಿಧಾನದ ಪೀಠಿಕೆಯಿಂದ ಹೊರಟು, ಸಂವಾದದಲ್ಲಿ ಎದುರಾಳಿಯ ಮಾತಿಗೆ ಮಾತು ಹೆಣೆದು, ಭಾಗವತರ ಮುಂದಿನ ಪದ್ಯಕ್ಕೆ ಸರಿಯಾದ ಗಳಿಗೆಯಲ್ಲಿ ಎಡೆಮಾಡಿಕೊಡುವುದನ್ನು ಕೇಳಿದವರಿಗೆ ಇದನ್ನು ಒಪ್ಪುವುದು ಕಷ್ಟವಾಗದು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದ ಏಳುವುದೂ ಇಲ್ಲ. ಆದರೂ ‘ಭೀಷ್ಮ ವಿಜಯ’ದ ಭೀಷ್ಮ ಎದುರು ಬರುತ್ತಾನೆ, ಶಾಲು ಹೊದ್ದ ಅರ್ಥಧಾರಿ ಕಾಣದಾಗುತ್ತಾನೆ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು: ಅರ್ಥಗಾರಿಕೆ ನಿಂತಿರುವುದು ಕೇಳುಗರಿಗೆ ಪುರಾಣ ಮೊದಲೇ ಗೊತ್ತಿದೆ ಎಂಬ ಭರವಸೆಯ ಮೇಲೆ. ಓಯ್ಡಾ ಅವರ ಅಭಿನಯ ಹುಟ್ಟಿದ್ದು ಆ ಭರವಸೆ ಇಲ್ಲದ ಕಡೆ.

ಇದೇ ಕಾರಣಕ್ಕೆ ದ್ರೋಣನ ಪ್ರಶ್ನೆ ನಮಗೆ ಮುಖ್ಯವಾಗುತ್ತದೆ. ಕನ್ನಡಿಗರ ಮನಸ್ಸಿನಲ್ಲಿ ದ್ರೋಣ ಒಬ್ಬನೇ ಬರುವುದಿಲ್ಲ. ಏಕಲವ್ಯನ ಹೆಬ್ಬೆರಳು, ದ್ರುಪದನ ಅವಮಾನ, ಪಂಪ ಮತ್ತು ಕುಮಾರವ್ಯಾಸರ ಪದ್ಯಗಳು, ಬಯಲಾಟದ ವೇಷ, ಈಚಿನ ದಶಕಗಳ ದಲಿತ ಬರಹದ ಕೋಪ ಎಲ್ಲವೂ ಅವನ ಹಿಂದೆ ಬರುತ್ತವೆ. ಬ್ರೂಕ್ ಪ್ರಯೋಗದ ದ್ರೋಣ ಈ ಹೊರೆಯಿಲ್ಲದೆ ಬಂದವನು. ಮಗ ಸತ್ತನೆಂಬ ಸುದ್ದಿ ಕೇಳಿ ಶಸ್ತ್ರವಿಟ್ಟು ಕುಳಿತ ಓಯ್ಡಾ ಮಡಕೆಯಲ್ಲಿದ್ದ ಕೆಂಪು ನೀರನ್ನು ತಲೆಯ ಮೇಲೆ ಸುರಿದುಕೊಳ್ಳುವ ದೃಶ್ಯ 1989ರ ಚಲನಚಿತ್ರ ರೂಪದಲ್ಲೂ ಇದೆ. ಅಲ್ಲಿ ಕೂಗಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ನಟ ಕರಗಿ ವಯಸ್ಸಾದ ತಂದೆಯೊಬ್ಬನ ಕೊನೆ ಮಾತ್ರ ಉಳಿಯುತ್ತದೆ. ಆದರೆ ಆ ತಂದೆ ಗುರುವೂ ಆಗಿದ್ದ, ಶಿಷ್ಯನೊಬ್ಬನಿಗೆ ಅನ್ಯಾಯ ಮಾಡಿದ್ದ, ಅರಸೊತ್ತಿಗೆಯ ಅನ್ನದ ಋಣದಲ್ಲಿ ಅಧರ್ಮದ ಪಕ್ಷದಲ್ಲಿ ನಿಂತಿದ್ದ ಎಂಬ ತೂಕ ಆ ದೃಶ್ಯದಲ್ಲಿ ನನಗೆ ಸಿಗಲಿಲ್ಲ. ಮನುಷ್ಯನನ್ನು ಕಾಣಿಸಲು ಅವನ ಜಾತಿ, ಕಾಲ, ಸ್ಥಾನಗಳನ್ನು ತೆಗೆದುಹಾಕಿದಾಗ ಮನುಷ್ಯನ ಒಂದು ಭಾಗವೂ ಅದರೊಂದಿಗೆ ಹೋಗಿಬಿಡುತ್ತದೆ.

ರಂಗಚಿಂತಕ ರುಸ್ತುಂ ಭರೂಚಾ ಈ ಪ್ರಯೋಗವನ್ನು ಕಟುವಾಗಿ ಟೀಕಿಸಿದ್ದು ಇದೇ ನೆಲೆಯಿಂದ. ಭಾರತೀಯ ಸಂದರ್ಭದಿಂದ ಕಥೆಯನ್ನು ಕಿತ್ತು ಪಾಶ್ಚಾತ್ಯ ಪ್ರೇಕ್ಷಕನಿಗೆ ಒಪ್ಪಿಸಲಾಗಿದೆ ಎಂಬ ಅವರ ಆಕ್ಷೇಪಕ್ಕೆ ‘ಪರರ ಕಥೆ ಮುಟ್ಟಬಾರದು’ ಎಂಬ ಅರ್ಥ ಹಚ್ಚಿ ತಳ್ಳಿಹಾಕುವವರಿದ್ದಾರೆ. ಅದು ನ್ಯಾಯವಲ್ಲ. ಅದೇ ಭರೂಚಾ ಮೈಸೂರಿನ ರಂಗಾಯಣದ ಕಲಾವಿದರೊಂದಿಗೆ ಇಬ್ಸೆನ್‌ನ ‘ಪೀರ್ ಗಿಂಟ್’ ನಾಟಕವನ್ನು ‘ಗುಂಡೇಗೌಡನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದವರು. ನಾರ್ವೆಯ ಕಥೆ ಕನ್ನಡದ ಮಣ್ಣಿನಲ್ಲಿ ಬೇರುಬಿಡಬಲ್ಲದಾದರೆ ಹಸ್ತಿನಾವತಿಯ ಕಥೆ ಫ್ರಾನ್ಸಿನಲ್ಲಿ ಬೇರುಬಿಡಬಾರದೆಂದೇನಿಲ್ಲ. ವ್ಯತ್ಯಾಸವಿರುವುದು ಯಾರು ಯಾರ ಕಥೆಯನ್ನು ಯಾವ ಬಲದಿಂದ, ಯಾರ ಖರ್ಚಿನಲ್ಲಿ ತೆಗೆದುಕೊಂಡರು ಎಂಬುದರಲ್ಲಿ. ಓಯ್ಡಾ ಅವರ ಎರಡೂ ಪುಸ್ತಕಗಳ ದೊಡ್ಡ ಕೊರತೆಯೆಂದರೆ ಈ ಪ್ರಶ್ನೆಗೆ ಅವರು ಹೆಚ್ಚಿನ ಗಮನ ಕೊಡದಿರುವುದು. ಬ್ರೂಕ್ ಅವರ ಮೇಲಿನ ಗೌರವ ಇದಕ್ಕೊಂದು ಕಾರಣವಿರಬೇಕು. ಗುರುಭಕ್ತಿಯ ಪರಂಪರೆಯಿಂದ ಬಂದವರಿಗೆ ಆ ಗೌರವ ಸಹಜವೇ, ಆದರೆ ದ್ರೋಣನ ಪಾತ್ರ ಮಾಡಿದವರಿಗಾದರೂ ಗುರುಗಳನ್ನು ಪ್ರಶ್ನಿಸುವ ಅಗತ್ಯ ಹೊಳೆಯಬೇಕಿತ್ತಲ್ಲವೇ ಎಂದು ಓದುತ್ತಾ ಅನಿಸಿದ್ದುಂಟು.

ಇಷ್ಟಾದರೂ ಈ ಪುಸ್ತಕಗಳನ್ನು ನಮ್ಮ ರಂಗಾಸಕ್ತರು ಓದಬೇಕೆಂದು ನಾನು ಹೇಳುವುದಕ್ಕೆ ಕಾರಣ ಬೇರೆ. ಕಮ್ಮಟಗಳ ಈ ಕಾಲದಲ್ಲಿ ನಾಲ್ಕು ದಿನ ಕಳರಿ, ನಾಲ್ಕು ದಿನ ಯಕ್ಷಗಾನದ ಹೆಜ್ಜೆ, ವಾರವೊಂದು ಮೈಮ್ ಕಲಿತು ಎಲ್ಲವನ್ನೂ ಒಂದೇ ನಾಟಕದಲ್ಲಿ ಬಳಸಿ ‘ಪ್ರಾಯೋಗಿಕ’ ಎನ್ನುವ ಚಾಳಿ ಬೆಳೆದಿದೆ. ಬೀದಿಬದಿಯ ಗೋಬಿ ಮಂಚೂರಿಯಂತೆ ಅದಕ್ಕೆ ಚೀನಾದ ಹೆಸರೂ ಇರುತ್ತದೆ, ನಮ್ಮ ಖಾರವೂ ಇರುತ್ತದೆ, ಯಾವ ನಾಡಿನ ಅಡುಗೆಯೆಂದು ಹೇಳಲು ಮಾತ್ರ ಬಾರದು. ಓಯ್ಡಾ ಅವರ ಜೀವನ ಇದಕ್ಕೆ ನೇರ ವಿರುದ್ಧವಾದ ಸಾಕ್ಷ್ಯ. ಕ್ಯೋಗೆನ್ ಅವರ ಎಲುಬಿನವರೆಗೆ ಇಳಿದಿತ್ತು, ಆದ್ದರಿಂದಲೇ ಅದರ ಹೊರಮೈಯನ್ನು ಬಿಡಲು ಸಾಧ್ಯವಾಯಿತು. ಬಿಡುವುದಕ್ಕೆ ಮೊದಲು ಗಳಿಸಿರಬೇಕು. 1993ರಲ್ಲಿ ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ಅವರ ರೋಗಿಗಳ ವೃತ್ತಾಂತಗಳನ್ನು ಆಧರಿಸಿ ಬ್ರೂಕ್ ಮಾಡಿದ ನಾಟಕದಲ್ಲಿ ನಾಲ್ವರೇ ನಟರು. ಕುಯಾತೆ ಮತ್ತು ಓಯ್ಡಾ ಅವರಲ್ಲಿಬ್ಬರು. ಪಶ್ಚಿಮ ಆಫ್ರಿಕದ ಗ್ರಿಯೋ ಎಂಬ ಕಥೆಗಾರ ಪರಂಪರೆಯವರೊಬ್ಬರು, ಕ್ಯೋಗೆನ್ ಕಲಿತವರೊಬ್ಬರು ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ನೆನಪು ಕಳೆದುಕೊಂಡವರ, ಮಾತು ತಪ್ಪಿದವರ ಕಥೆ ಹೇಳಿದಾಗ ಅಲ್ಲಿ ಗ್ರಿಯೋ ಪರಂಪರೆಯಾಗಲಿ ಜಪಾನಾಗಲಿ ಪ್ರದರ್ಶನಕ್ಕಿರಲಿಲ್ಲ. ಆದರೆ ಆ ಎರಡರ ಶಿಸ್ತೂ ಅಲ್ಲಿತ್ತು. 2016ರ ಮಾರ್ಟಿನ್ ಸ್ಕಾರ್ಸೆಸಿ ಅವರ ‘ಸೈಲೆನ್ಸ್’ ಚಿತ್ರದಲ್ಲಿ ಹಳ್ಳಿಯ ಹಿರಿಯ ಇಚಿಜೋ ಆಗಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಓಯ್ಡಾ ಕಾಣಿಸಿಕೊಂಡದ್ದನ್ನು ನೋಡಿದವರಿಗೆ ಅದೇ ಶಿಸ್ತು ನೆನಪಿರಬಹುದು.

ಬರವಣಿಗೆಯ ವಿಷಯ. ಎರಡೂ ಪುಸ್ತಕಗಳ ಇಂಗ್ಲಿಷ್ ಸರಳವಾಗಿದೆ, ರಂಗಭೂಮಿಯ ಪರಿಭಾಷೆ ಗೊತ್ತಿಲ್ಲದವರಿಗೂ ತೊಡಕಾಗದು. ಎರಡನೆಯ ಪುಸ್ತಕದಲ್ಲಿ ಓಯ್ಡಾ ಅವರ ಮಾತಿನ ನಡುನಡುವೆ ಮಾರ್ಷಲ್ ತಮ್ಮ ವಿವರಣೆಗಳನ್ನು ಪ್ರತ್ಯೇಕವಾಗಿ ಸೇರಿಸಿದ್ದಾರೆ. ಜಪಾನಿನ ಸಂದರ್ಭವನ್ನು ಹೊರಗಿನವರಿಗೆ ತಿಳಿಸುವಲ್ಲಿ ಅವು ಉಪಯುಕ್ತವೆನಿಸಿದರೂ ಕೆಲವೆಡೆ ಓಯ್ಡಾ ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದ್ದನ್ನು ಪೂರ್ತಿ ಮಾಡಿ ರುಚಿ ಕೆಡಿಸುತ್ತವೆ. ದೇಹದ ಅಭ್ಯಾಸಗಳನ್ನು ಪುಸ್ತಕ ನೋಡಿ ಮಾಡುವುದಕ್ಕೆ ಮಿತಿಯಿದೆ. ಉಸಿರಾಟ ಮತ್ತು ಸೊಂಟದ ಬಲಕ್ಕೆ ಸಂಬಂಧಿಸಿದವುಗಳನ್ನು ಬಲ್ಲವರ ಎದುರಿನಲ್ಲಿ ಮಾಡುವುದೇ ಕ್ಷೇಮ. ನೆಲ ಒರೆಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಎರಡನ್ನೂ ಕೊಳ್ಳಲಾಗದವರು ಎರಡನೆಯದನ್ನು ಕೊಳ್ಳಲಿ, ಮೊದಲನೆಯದನ್ನು ಗ್ರಂಥಾಲಯದಿಂದ ತಂದು ಓದಲಿ. ಎರಡೂ ಸಿಕ್ಕಿದವರು ಬರೆದ ಕ್ರಮದಲ್ಲೇ ಓದುವುದು ಮೇಲು. ಆಫ್ರಿಕದ ಜಮಖಾನೆಯನ್ನು ಕಾಣದೆ ನೇರವಾಗಿ ಒಂಬತ್ತು ದ್ವಾರಗಳಿಗೆ ಹೋದರೆ ಅಭ್ಯಾಸಗಳು ಯೋಗ ಶಿಬಿರದ ಪಾಠಗಳಂತೆ ಕಂಡುಬಿಡುವ ಅಪಾಯವಿದೆ. ನಟರಲ್ಲದವರಿಗೆ, ಅಂದರೆ ತರಗತಿಯಲ್ಲಿ ಪಾಠ ಹೇಳುವವರಿಗೆ, ಹರಿಕಥೆ ಗಮಕಗಳಲ್ಲಿ ತೊಡಗಿದವರಿಗೆ, ಪರದೇಶದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡದ ಕಥೆಗಳನ್ನು ಹೇಳಲು ಹೆಣಗುವ ತಂದೆತಾಯಿಗಳಿಗೆ ಮೊದಲನೆಯ ಪುಸ್ತಕವೇ ಹೆಚ್ಚು ಹತ್ತಿರವಾದೀತು. 2007ರಲ್ಲಿ ಇದೇ ಜೋಡಿಯಿಂದ ಬಂದ ‘ಆ್ಯನ್ ಆ್ಯಕ್ಟರ್ಸ್ ಟ್ರಿಕ್ಸ್’ ಎಂಬ ಮೂರನೆಯ ಪುಸ್ತಕವನ್ನು ಇವೆರಡೂ ಇಷ್ಟವಾದ ಮೇಲೆ ತರಿಸಿಕೊಂಡರೂ ತಡವಾಗದು.